ಕಡ ತಂದ ಭಾರ

ನನ್ನ ಸೊಸೆ ಕಸ್ತೂರಿ ಪುರಸಭೆಯ ಅಧ್ಯಕ್ಷೆಯಾದಳು ಎಂಬ ಸುದ್ದಿ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಪಡಸಾಲೆಯ ಫ್ಯಾನು ಬಿಚ್ಚಿಸಿದ್ದು. ಬೇಸಿಗೆ ಬಂತು, ಇರಲಿ ಬಿಡವ್ವ ಎಂದು ನನ್ನ ಮಗ ವೀರಭದ್ರ ಗೊಣಗಿದ. ಹೆಂಡತಿಯ ತಲೆಗಿಂತ ನಿನಗೆ ಗಾಳಿ ಹೆಚ್ಚಾಯಿತೇನೋ ಎಂದು ಬೈದು, ಮಾಳಿಗೆಯ ಬೆಳಕಿಂಡಿಗೂ ಒಂದು ಕಬ್ಬಿಣದ ಜಾಳಿಗೆ ಬಡಿಸಿದೆ. ನಮ್ಮೂರಿಗೆ ಹೊಸದಾಗಿ ಬಂದವರು ಅಧ್ಯಕ್ಷರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಫ್ಯಾನಿಲ್ಲದ, ಬೆಳಕಿಂಡಿಗೆ ಜಾಳಿಗೆ ಹಾಕಿದ ಮನೆ ಯಾವುದಿದೆಯೋ ಅದೇ.

ಆ ಕುರ್ಚಿಯಲ್ಲಿ ಒಮ್ಮೆ ಕುಳಿತವರ ಕಾಲು ಅಧಿಕಾರ ಬಿಡುವವರೆಗೆ ನಮ್ಮೂರಲ್ಲಿ ನೆಲ ಹತ್ತುವುದಿಲ್ಲ. ಕೆಲವರು ಗೇಣುದ್ದ ಏಳುತ್ತಾರೆ, ಕೆಲವರು ಜಂತಿಗೆ ತಲೆ ಬಡಿಸಿಕೊಳ್ಳುತ್ತಾರೆ. ನಾನು ಮದುವೆಯಾಗಿ ಬಂದ ವರ್ಷ ಅಧ್ಯಕ್ಷನಾಗಿದ್ದವನು ಎರಡು ಎಮ್ಮೆ ತೂಗುವ ಧಾಂಡಿಗ. ಅಂಥವನು ಹುಣಸೆ ಮರದ ತುದಿಗೆ ಧೋತರ ಸಿಕ್ಕಿಸಿಕೊಂಡು ಯುಗಾದಿಯನ್ನು ಅಲ್ಲೇ ಕಳೆದ. ಹೋಳಿಗೆಯನ್ನು ಬಿದಿರಿನ ತುದಿಗೆ ಚುಚ್ಚಿ ಮೇಲೆ ಕೊಟ್ಟರು. ಸುಳ್ಳಲ್ಲ, ಅದರ ತುಪ್ಪ ಸೋರಿದ್ದು ನನ್ನ ತಲೆಯ ಮೇಲೆಯೇ. ಅವನಾದರೂ ಉಳಿದ. ಅವನ ನಂತರದವನು ಆಷಾಢದ ಗಾಳಿಗೆ ಹೋಗಿಯೇ ಬಿಟ್ಟ. ಸಂತೆಯ ದಿನ ಬದನೆಕಾಯಿ ಗುಂಪಿಯ ಮೇಲೆ ಅವನ ಚಪ್ಪಲಿ ಬಿತ್ತು. ಅವನು ಮಾತ್ರ ಎಲ್ಲೂ ಬೀಳಲಿಲ್ಲ.

ಅಧ್ಯಕ್ಷರನ್ನು ನೆಲಕ್ಕೆ ಹಿಡಿದಿಡುವುದು ಕಡ ತಂದ ಸಾಮಾನು ಒಂದೇ. ಸ್ವಂತದ್ದಕ್ಕೆ ತೂಕವಿಲ್ಲ, ಕೊಂಡದ್ದಕ್ಕೂ ಇಲ್ಲ. ಒಬ್ಬ ಜಾಣ ಕಬ್ಬಿಣದ ಗುಂಡು ಎರೆಸಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಗುಂಡೂ ಅವನ ಜೊತೆಗೇ ತೇಲಿತು. ಅದಕ್ಕೇ ಹೊಸ ಅಧ್ಯಕ್ಷರಾದ ಮರುದಿನ ಡೊಳ್ಳು ಬಾರಿಸುತ್ತ ಒಂದು ದೊಡ್ಡ ಬುಟ್ಟಿ ಓಣಿ ಓಣಿ ತಿರುಗುತ್ತದೆ. ದಿನ ಬೆಳಗಾದರೆ ಬೇಕಾಗುವಂಥ ಒಂದು ಸಾಮಾನನ್ನು ಪ್ರತಿ ಮನೆಯವರೂ ಅದರಲ್ಲಿ ಹಾಕಬೇಕು. ಒಬ್ಬರು ಜರಡಿ, ಒಬ್ಬರು ಅಂಬಲಿ ತಿರುವುವ ಹುಟ್ಟು, ಒಬ್ಬರು ಈಳಿಗೆ, ಒಬ್ಬರು ಒರಳಿನ ಗುಂಡು. ಕೊಟ್ಟವರು ಅದನ್ನು ವಾಪಸು ಬೇಕು ಬೇಕು ಎಂದು ಒಳಗೊಳಗೇ ಕುದಿಯುತ್ತಿರುವವರೆಗೆ ಅದಕ್ಕೆ ತೂಕ. ಜರಡಿ ಕೊಟ್ಟವಳು ಜೋಳದ ಹಿಟ್ಟು ಸಾಣಿಸಲು ಪಕ್ಕದವಳ ಜರಡಿ ಕೇಳುತ್ತಾಳೆ, ಪಕ್ಕದವಳು ತನ್ನ ಹುಟ್ಟು ಹೋಯಿತೆಂದು ಎದುರಿನವಳ ಹುಟ್ಟು ಕೇಳುತ್ತಾಳೆ. ಹೀಗಾಗಿ ನಮ್ಮೂರ ಹೆಂಗಸರು ತಮ್ಮ ಅಡುಗೆಮನೆಗಿಂತ ಮತ್ತೊಬ್ಬರ ಅಡುಗೆಮನೆಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ಯಾರ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದು ಉಂಡವರಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ.

ಮನೆಯವರು ಕೊಟ್ಟದ್ದು ಸ್ವಂತದ್ದೇ ಲೆಕ್ಕ. ಇದು ನನಗೆ ಗೊತ್ತಿದ್ದರೂ ಮನಸ್ಸು ಕೇಳಲಿಲ್ಲ. ಎಲೆ ಅಡಿಕೆ ಕುಟ್ಟುವ ನನ್ನ ಕಲ್ಲನ್ನು ಕದ್ದು ಅವಳ ಚೀಲದ ತಳದಲ್ಲಿ ಇಟ್ಟು ನೋಡಿದೆ. ಹಲ್ಲಿಲ್ಲದ ನನಗೆ ಆ ಕಲ್ಲಿಲ್ಲದೆ ಒಂದು ಗಳಿಗೆ ನಡೆಯುವುದಿಲ್ಲ. ಆದರೂ ಅದು ಚೀಲದಲ್ಲಿ ಬೂರಲ ಹತ್ತಿಯ ಹಾಗೆ ಹಗುರವಾಗಿತ್ತು.

ಮೊದಮೊದಲು ಕಸ್ತೂರಿಯ ನಡಿಗೆ ನೋಡಬೇಕಾಗಿತ್ತು. ಹೆಗಲಿಗೆ ಚೀಲ, ಸೊಂಟಕ್ಕೆ ಈಳಿಗೆ, ಸೆರಗಿನ ಗಂಟಿನಲ್ಲಿ ಊರಿನ ಬೀಗದ ಕೈಗಳು. ಅವಳು ಹೆಜ್ಜೆ ಇಟ್ಟರೆ ನಾಲ್ಕು ಮನೆಯಾಚೆ ನೆಲುವಿನ ಮೇಲಿನ ಮೊಸರು ಕುಲುಕುತ್ತಿತ್ತು. ಬೆಳಗಾಗುವುದಕ್ಕಿಲ್ಲ, ಬಾಗಿಲಲ್ಲಿ ಜನ. ನನ್ನ ಜರಡಿ ಯಾವಾಗ ಕೊಡುತ್ತಿ ಎಂದು ಒಬ್ಬಳು, ಮಗಳ ಬಾಣಂತನಕ್ಕೆ ಹಂಡೆ ಬೇಕು ಎಂದು ಇನ್ನೊಬ್ಬಳು. ಜರಡಿ ಕೇಳಲು ಬಂದವಳು ಬರೀ ಜರಡಿ ಕೇಳಿ ಹೋಗುತ್ತಾಳೆಯೇ? ನಳದಲ್ಲಿ ನೀರಿಲ್ಲ, ಗಟಾರ ನಾರುತ್ತಿದೆ, ಸಂತೆಯಲ್ಲಿ ನೆರಳಿಲ್ಲ ಎಂದು ತನ್ನ ಪಾಲಿನದನ್ನು ಒದರಿಯೇ ಹೋಗುತ್ತಿದ್ದಳು. ಅದನ್ನೆಲ್ಲ ಹೊತ್ತು ಕಸ್ತೂರಿ ಪುರಸಭೆಗೆ ಹೋದರೆ ಅಲ್ಲಿನ ಮೆಟ್ಟಿಲು ಅದುರುತ್ತಿದ್ದವು. ಹಾಗೆ ಅದುರಿಸಿಯೇ ಅವಳು ಮೇಲಿನ ಓಣಿಗಳಿಗೆ ನಳ ತಂದಳು, ಗಟಾರ ಕಟ್ಟಿಸಿದಳು, ಸಂತೆಗೆ ತಗಡು ಹಾಕಿಸಿದಳು.

ಎಡವಟ್ಟಾದದ್ದು ಇಲ್ಲೇ. ನಮ್ಮ ಜನಕ್ಕೆ ಖುಷಿಯಾಯಿತು. ಇಷ್ಟೊಂದು ಕೆಲಸ ಮಾಡುವವಳನ್ನು ಒಂದು ಜರಡಿಗಾಗಿ ಪೀಡಿಸುವುದೇ ಎಂದು ಪಕ್ಕದ ಮನೆಯ ನಿಂಬೆವ್ವ ಸಂತೆಯಿಂದ ಹೊಸ ಜರಡಿ ತಂದುಕೊಂಡು, ಹಳೆಯದನ್ನು ನೀನೇ ಇಟ್ಟುಕೊಳ್ಳವ್ವ ಎಂದಳು. ಅವಳು ಬಿಟ್ಟಳೆಂದು ಎದುರಿನವಳೂ ಬಿಟ್ಟಳು. ಬರಬರುತ್ತ ಬಿಟ್ಟುಕೊಡುವುದೇ ಒಂದು ದೊಡ್ಡಸ್ತಿಕೆಯಾಯಿತು. ನಾನು ಹಂಡೆ ಬಿಟ್ಟೆ, ನೀನೇನು ಬರೀ ಸವುಟು ಬಿಟ್ಟೆಯಲ್ಲ ಎಂದು ಹೆಂಗಸರು ನಳದ ಮುಂದೆ ಕಚ್ಚಾಡಿದರು. ಊರವರು ಶಾಲು ಹೊದಿಸಿ ಅವಳನ್ನು ದೇವತೆ ಎಂದರು. ಬೆಳಗಿನ ಬಾಗಿಲು ಬರಿದಾಯಿತು.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಮ್ಮದು ನಿಂತು ಬಡಿಯುವ ಕಟ್ಟೆ. ಹಿಮ್ಮಡಿ ಮೇಲೆದ್ದದ್ದು ಕಂಡು, ತುದಿಗಾಲ ಮೇಲೆ ಯಾಕೆ ನಿಂತಿದ್ದೀಯೇ ಎಂದು ನಾನು ನಗೆಯಾಡಿದೆ. ಅವಳು ತಿರುಗಿ ನೋಡಲಿಲ್ಲ.

"ಅತ್ತಿ, ನಾ ಎಲ್ಲಿ ನಿಂತೀನ್ರಿ," ಎಂದಳು.

ಬಗ್ಗಿ ನೋಡಿದೆ. ಬೆರಳೂ ನೆಲದಲ್ಲಿರಲಿಲ್ಲ. ಕಾಲ ಕೆಳಗಿನಿಂದ ಒಂದು ಇರುವೆ ಸಾಲು ತನ್ನ ಪಾಡಿಗೆ ಹೋಗುತ್ತಿತ್ತು.

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಕ್ಕೊಂದಿಷ್ಟು ಅವಳು ಮೇಲೆ ಹೋದಳು. ಮೊದಲು ಕಿಟಕಿಯ ಮಟ್ಟ, ಆಮೇಲೆ ನೆಲುವಿನ ಮಟ್ಟ, ಆಮೇಲೆ ಜಂತಿ. ವೀರಭದ್ರ ತನ್ನನ್ನು ತೂಗಿದ ತೊಟ್ಟಿಲ ಹಗ್ಗ ತಂದು ಅವಳ ಸೊಂಟದಿಂದ ಕಂಬಕ್ಕೆ ಬಿಗಿದ. ಕಂಬ ಕಿರುಗುಟ್ಟತೊಡಗಿತು. ಊಟದ ತಟ್ಟೆಯನ್ನು ಏಣಿ ಹತ್ತಿ ಕೊಡುವುದು ನನ್ನ ಪಾಲಿಗೆ ಬಂತು. ಈ ವಯಸ್ಸಿನಲ್ಲಿ ನಾನು ಹತ್ತಿದ ಏಣಿಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನ ಮೇಲೆ ಹಪ್ಪಳ ಒಣಗಿಸಿ ಬರಬಹುದಾಗಿತ್ತು.

ಪುರಸಭೆಯ ಮುಖ್ಯಾಧಿಕಾರಿಗೆ ಮಾತ್ರ ಇದು ಬಹಳ ಹಿಡಿಸಿತು. ಸೀಳಿದ ಕೋಲಿಗೆ ಕಾಗದ ಸಿಕ್ಕಿಸಿ ಮೇಲೆ ಚಾಚುತ್ತಿದ್ದ, ಅವಳು ಸಹಿ ಮಾಡಿ ಕೆಳಗೆ ಬಿಡುತ್ತಿದ್ದಳು. ಅಷ್ಟೆತ್ತರದಿಂದ ನೋಡಿದರೆ ಇಡೀ ಊರೇ ಕಾಣುತ್ತದಲ್ಲ, ಆಡಳಿತಕ್ಕೆ ಒಳ್ಳೆಯದೇ ಆಯಿತು ಎಂದು ನನಗೇ ಬುದ್ಧಿ ಹೇಳಿದ. ಹಾಗಾದರೆ ರಾಜೀನಾಮೆಯನ್ನೂ ಅದೇ ಕೋಲಿನಿಂದ ಇಳಿಸಿಕೊಳ್ಳಪ್ಪಾ ಎಂದೆ. ರಾಜೀನಾಮೆ ಕೊಡುವವರು ಸಭಾಭವನದ ನೆಲದ ಮೇಲೆ ಖುದ್ದಾಗಿ ನಿಂತು ಕೊಡಬೇಕು ಎಂಬ ನಿಯಮ ತೆಗೆದ. ನಿಲ್ಲಲು ಬಂದಿದ್ದರೆ ರಾಜೀನಾಮೆ ಯಾಕೆ ಬೇಕಾಗಿತ್ತು ಎಂದರೆ ಅದಕ್ಕೆ ಅವನ ಹತ್ತಿರ ನಿಯಮ ಇರಲಿಲ್ಲ.

ಜಾಳಿಗೆಗೆ ಮುಖ ಹಚ್ಚಿ ಹೊರಗೆ ನೋಡುತ್ತಿದ್ದವಳನ್ನು, ಏನು ಕಾಣುತ್ತದೆ ಎಂದು ಒಮ್ಮೆ ಕೇಳಿದೆ.

"ಊರು ಬಾಳ ಚೆಂದ ಕಾಣತೈತ್ರಿ ಅತ್ತಿ," ಎಂದಳು. "ಇಲ್ಲಿಂದ ಒಂದ ಗಟಾರ ಸೈತ ಕಾಣೂದಿಲ್ಲ. ಅದಕ್ಕ ನನಗ ಹೆದರಿಕಿ."

ಮರುವರ್ಷದ ಆಷಾಢ ಹತ್ತಿರ ಬರುತ್ತಿತ್ತು. ಆಗಲೇ ಸಂಜೆ ಹೊತ್ತು ಬೀಸುತ್ತಿದ್ದ ಗಾಳಿಗೆ ಜಾಳಿಗೆಯ ಮೊಳೆ ಸಡಿಲಾಗಿತ್ತು. ನಾನು ಸೆರಗು ಬಿಗಿದು ಮನೆ ಮನೆ ತಿರುಗಿದೆ. ಹೋಗಿ ಕೇಳಿರೇ, ಬೈದು ಕೇಳಿರೇ, ನಿಮ್ಮ ಹಂಡೆ ನಿಮ್ಮ ಹುಟ್ಟು ಎಂದು ನನ್ನ ಸೊಸೆಯ ಕುತ್ತಿಗೆಯ ಮೇಲೆ ಕೂರಿರೇ ಎಂದು ಅಂಗಲಾಚಿದೆ. ತನ್ನ ಸೊಸೆಯ ಜೊತೆ ಜಗಳ ಮಾಡಿ ಎಂದು ಊರನ್ನು ಬೇಡಿದ ಅತ್ತೆ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ನಿಂಬೆವ್ವ ಎರಡೂ ಕೆನ್ನೆ ಬಡಿದುಕೊಂಡಳು.

"ಬಿಡ್ರಿ ಸಂಕವ್ವತ್ತಿ, ದೇವರಂಥಾಕಿನ್ನ ಜರಡಿ ಕೇಳಿದ್ರ ನನ್ನ ಬಾಯಾಗ ಹುಳಾ ಬಿದ್ದಾವು."

ನನ್ನ ಕಾಟಕ್ಕೆ ಕೆಲವರು ಬಂದರು. ಬಾಗಿಲಲ್ಲಿ ಸಾಲಾಗಿ ನಿಂತು, ಮೇಲೆ ನೋಡಿ ಕೈ ಮುಗಿದು, ನಮ್ಮ ಹಂಡೆ ಕೊಟ್ಟರೆ ಅನುಕೂಲ, ಅವಸರವೇನೂ ಇಲ್ಲ ಎಂದರು. ಬಾಯಿ ಕೇಳಿತು, ಜೀವ ಕೇಳಲಿಲ್ಲ. ಕಸ್ತೂರಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ಶಾಲು ಹೊದಿಸಿದ್ದ ಹಿರಿಯನೊಬ್ಬ ತಾಯೀ ಎಂದು ನೆಲಕ್ಕೆ ಹಣೆ ಹಚ್ಚಿದಾಗ ಅವಳು ಇನ್ನೊಂದು ಗೇಣು ಮೇಲೆ ಹೋಗಿ ಜಂತಿಗೆ ನೆತ್ತಿ ಬಡಿಸಿಕೊಂಡಳು. ಅವನನ್ನು ಕಸಬರಿಗೆ ತೆಗೆದುಕೊಂಡು ಅಟ್ಟಿದೆ.

ಆ ಕಸಬರಿಗೆ ಕೈಯಲ್ಲಿ ಹಿಡಿದಾಗಲೇ ನನಗೆ ಹಳ್ಳದ ಓಣಿ ನೆನಪಾದದ್ದು. ಕಸಬರಿಗೆ ಕಟ್ಟುವವರ ಓಣಿ ಅದು, ಊರಿನ ಇಳಿಜಾರಿನ ಕೊನೆ. ಕಡದ ಬುಟ್ಟಿ ಹಿಟ್ಟಿನ ಗಿರಣಿಯವರೆಗೆ ಹೋಗಿ ಅಲ್ಲಿಂದ ಹೊರಳುತ್ತದೆ. ಡೊಳ್ಳಿನವರು ತಾವಾಗಿಯೇ ತಿರುಗುತ್ತಾರೆ, ಬುಟ್ಟಿ ಹೊತ್ತವರೂ ತಿರುಗುತ್ತಾರೆ. ಅದರಾಚೆ ಮನೆಗಳಿಲ್ಲವೇ ಎಂದು ಕೇಳಿದವರು ಯಾರೂ ಇಲ್ಲ. ಗಿರಣಿ ದಾಟಿ ನಾನು ಕೆಳಗಿಳಿದೆ.

ಮೂಗು ಮುಚ್ಚಿಕೊಂಡೇ ಇಳಿಯಬೇಕಾಯಿತು. ನಮ್ಮ ಓಣಿಗಳಿಗೆ ಕಟ್ಟಿಸಿದ ಗಟಾರವೆಲ್ಲ ಅಲ್ಲಿ ಬಂದು ಬಾಯಿ ಬಿಟ್ಟಿತ್ತು. ಓಣಿಯ ನಡುವೆ ಕರಿ ನೀರು, ನಮ್ಮ ಸಾಬೂನಿನ ನೊರೆ, ನಮ್ಮ ಅಕ್ಕಚ್ಚು, ನಮ್ಮ ಕರಿಬೇವಿನ ಎಲೆ. ಒಂದು ಮಗ್ಗಲಿನ ಮನೆಯವರು ಇನ್ನೊಂದು ಮಗ್ಗಲಿಗೆ ಹೋಗಲು ಇದ್ದದ್ದು ಒಂದೇ ಹಲಗೆ, ಯಾವುದೋ ಮುರಿದ ಬಾಗಿಲಿನದು. ಅದರ ಪಕ್ಕದ ಕಟ್ಟೆಯ ಮೇಲೆ ಹುಲಿಗೆವ್ವ ಕುಳಿತಿದ್ದಳು. ಸಂತೆಯಲ್ಲಿ ಕಸಬರಿಗೆ ಮಾರುವ ಅವಳನ್ನು ಊರೆಲ್ಲ ಬಲ್ಲದು, ಮಾತಾಡಿಸಿದವರು ಕಡಿಮೆ. ಕೈಯಲ್ಲಿನ ಕೆಲಸ ನಿಲ್ಲಿಸದೆ ಯಾರು ಬೇಕಾಗಿತ್ತು ಎಂದು ಕೇಳಿದಳು. ಅಧ್ಯಕ್ಷರ ಅತ್ತೆ ನಾನು ಎಂದೆ.

"ಗೊತ್ತ್ರಿ," ಎಂದಳು. "ನಿಮ್ಮ ಮನಿ ನೊರಿ ದಿನಾ ನಮ್ಮ ಬಾಗಲಕ್ಕ ಬರತೈತಿ. ಇವತ್ತ ನೀವ ಬಂದ್ರಿ."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವರ ಏಳು ತಲೆಮಾರನ್ನು ನಾನು ಅಲ್ಲೇ ಹಸಿಯಾಗಿ ತಿನ್ನುತ್ತಿದ್ದೆ. ಅವತ್ತು ನುಂಗಿಕೊಂಡು ಬಂದ ಕೆಲಸ ಹೇಳಿದೆ. ಸೊಸೆ ಜಂತಿಗೆ ಹತ್ತಿದ್ದಾಳೆ, ಗಾಳಿ ಏಳುವ ಮೊದಲು ಇಳಿಸಬೇಕು, ಏನಾದರೂ ಕಡ ಕೊಡು ಎಂದೆ. ಹುಲಿಗೆವ್ವ ಕಡ್ಡಿ ಕಟ್ಟು ಕೆಳಗಿಟ್ಟಳು. ಬುಟ್ಟಿ ಗಿರಣಿಯಿಂದಾಚೆ ಯಾಕೆ ಬರುವುದಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ಅವಳು ಕೇಳಿದ್ದು ಬೇರೆ.

"ಆಕಿ ಇಳದ ಮ್ಯಾಲ ನಾ ದಿನಾ ನಿಮ್ಮನಿಗೆ ಬಂದ್ರ, ಒಳಗ ಬಿಟ್ಕೋತೀರೇನು?"

ನನ್ನ ಬಾಯಿ ಹೂಂ ಎನ್ನುವುದರೊಳಗೆ ಅವಳು ಎದ್ದು, ಸೀರೆ ಎತ್ತಿ ಕಟ್ಟಿ, ಆ ಹಲಗೆಯನ್ನೇ ಕಿತ್ತಳು. ಓಣಿಯ ಎರಡೂ ಮಗ್ಗಲಿನಿಂದ ಹೆಂಗಸರು ಬೈಯುತ್ತ ಹೊರಗೆ ಬಂದರು. ನೀರಿಗೆ ಹೇಗೆ ಹೋಗುವುದು, ಮುದುಕರು ಹೇಗೆ ದಾಟುವುದು ಎಂದು ಗದ್ದಲವೆದ್ದಿತು.

"ಜಿಗೀರಿ," ಎಂದಳು ಹುಲಿಗೆವ್ವ. "ಜಿಗದಾಗೊಮ್ಮೆ ಅಧ್ಯಕ್ಷರನ್ನ ನೆನೀರಿ."

ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಹಲಗೆಯಿಂದ ಕರಿ ನೀರು ತೊಟ್ಟಿಕ್ಕಿ ನಮ್ಮ ತೊಳೆದ ಓಣಿಯುದ್ದಕ್ಕೂ ಗೆರೆ ಎಳೆಯಿತು. ನಿಂಬೆವ್ವ ಮೂಗಿಗೆ ಸೆರಗು ಹಿಡಿದಳು. ಹುಲಿಗೆವ್ವ ಪಡಸಾಲೆಗೆ ಬಂದು ಮೇಲೆ ನೋಡಿದಳು. ಕೈ ಮುಗಿಯಲಿಲ್ಲ, ತಾಯೀ ಎನ್ನಲಿಲ್ಲ.

"ಇದು ಕಡ," ಎಂದಳು. "ಗಟಾರ ಮುಚ್ಚಿದ ದಿನ ಒಯ್ತೀನಿ. ಅಲ್ಲೀತನಾ ದಿನಾ ಮುಂಜಾನೆ ಕೇಳಾಕ ಬರಾಕಿ ನಾ. ಮರತೀನಿ ಅಂತ ತಿಳೀಬ್ಯಾಡ."

ವೀರಭದ್ರ ಏಣಿ ಹತ್ತಿ ಹಲಗೆ ಕೊಟ್ಟ. ಕಸ್ತೂರಿ ಎರಡೂ ಕೈಯಿಂದ ತಬ್ಬಿ ಹಿಡಿದಳು. ಏನೂ ಆಗಲಿಲ್ಲ. ಇದೂ ಹುಸಿಯಾಯಿತು ಎನ್ನುವಷ್ಟರಲ್ಲಿ, ಕೆಳಗಿನ ಓಣಿಯಲ್ಲಿ ಯಾರಾದರೂ ಜಿಗಿಯಲು ಹೋಗಿ ರಾಡಿಯಲ್ಲಿ ಬಿದ್ದಿರಬೇಕು, ಇವಳು ಇಲ್ಲಿ ತುಂಬಿದ ಹಂಡೆಯ ಹಾಗೆ ದೊಪ್ಪನೆ ಬಿದ್ದಳು. ಪಡಸಾಲೆಯ ಕಡಪಾ ಕಲ್ಲು ಬಿರಿಯಿತು, ಬಲಗಾಲು ಹೊರಳಿತು. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವಳು ಅಂಗೈಯಿಂದ ನೆಲವನ್ನು ಸವರುತ್ತ ನಗುತ್ತಿದ್ದಳು.

ಮರುದಿನ ಬೆಳಗಿನಿಂದ ಹುಲಿಗೆವ್ವ ಬಂದೇ ಬಂದಳು. ಮೊಣಕಾಲುವರೆಗಿನ ರಾಡಿ ಕಾಲನ್ನು ತೊಳೆಯದೆ ಪಡಸಾಲೆಯ ನಡುವೆ ಕೂರುತ್ತಿದ್ದಳು. ಯಾವಾಗ ಕೊಡುತ್ತಿ ಎಂಬ ಒಂದು ಮಾತು, ನನ್ನ ಒಂದು ಲೋಟ ಚಹಾ, ಅಷ್ಟೇ. ಅವಳು ಹೋದ ಮೇಲೆ ಸಾರಿಸಿ ಸಾರಿಸಿ ನನ್ನ ಸೊಂಟ ಕಮಾನಾಯಿತು. ಕಸ್ತೂರಿ ಕುಂಟುತ್ತ ಹಲಗೆ ಹೊತ್ತು ಪುರಸಭೆಗೆ ಹೋದಳು. ಮುಖ್ಯಾಧಿಕಾರಿ ಊರಿನ ನಕಾಶೆ ಬಿಚ್ಚಿ, ಇದರಲ್ಲಿ ಆ ಓಣಿಯೇ ಇಲ್ಲ, ಇಲ್ಲದ ಓಣಿಗೆ ಗಟಾರ ಹೇಗೆ ಮುಚ್ಚಿಸುವುದು ಎಂದನಂತೆ. ಅವಳು ಆ ಹಲಗೆಯನ್ನು ಅವನ ನಕಾಶೆಯ ಮೇಲೆಯೇ ಇಟ್ಟಳಂತೆ.

"ಹಂಗಾರ ಇದು ಯಾರ ಮನಿದ್ರಿ ಸಾಹೇಬ್ರ? ನನ್ನ ಕಾಲ ಹ್ಯಾಂಗ ನೆಲಕ್ಕ ಹತ್ಯಾವು?"

ಮೇಜಿನ ಕಾಲು ಮುರಿದ ಮೇಲೆ ಕೆಲಸ ಶುರುವಾಯಿತು. ಮೇಸ್ತ್ರಿ ಬಂದ, ಕಲ್ಲು ಬಂತು, ಮರಳು ಬಂತು. ಊರೆಲ್ಲ ಹಿಗ್ಗಿದರೆ ನಾನು ಹಾಸಲು ಉಳಿದ ಕಲ್ಲುಗಳನ್ನು ಎಣಿಸತೊಡಗಿದೆ. ಗಟಾರ ಮುಚ್ಚಿತೆಂದರೆ ಹಲಗೆ ಹೋಯಿತು, ಹಲಗೆ ಹೋಯಿತೆಂದರೆ ಸೊಸೆ ಹೋದಳು. ಅದಕ್ಕೇ ನಾನು ದಿನವೂ ಚಹಾ ಚೂಡಾ ಕಟ್ಟಿಕೊಂಡು ಮೇಸ್ತ್ರಿಯ ಹತ್ತಿರ ಹೋಗುತ್ತಿದ್ದೆ. ಹುಣಸೆ ಮರದ ಮೇಲಿನ ಧಾಂಡಿಗನ ಕತೆಯನ್ನು ಎಳೆ ಎಳೆಯಾಗಿ ಹೇಳುತ್ತಿದ್ದೆ. ಪಾಪ, ಅವನು ಕರಣಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನಾನು ಮನಸ್ಸು ಮಾಡಿದರೆ ಆ ಗಟಾರ ಅವನ ಮೊಮ್ಮಗನ ಮದುವೆಗೂ ಮುಗಿಯುತ್ತಿರಲಿಲ್ಲ. ಒಂದು ದಿನ ಕಸ್ತೂರಿ ಹಲಗೆ ಸಮೇತ ನನ್ನ ಹಿಂದೆ ಬಂದು ನಿಂತಳು. ಚಹಾದ ಕಿಟ್ಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀ ಮ್ಯಾಲ ಹೋದ್ರ ನಾ ಏನ್ಮಾಡ್ಲೇ?" ಎಂದೆ.

"ಹೋದ್ರ ಹೋಗ್ತೀನ್ರಿ ಅತ್ತಿ. ಆಕಿ ಹಲಗಿ ಮುಚ್ಚಿಟ್ಕೊಂಡು ನೆಲದ ಮ್ಯಾಲ ನಿಂತ್ರ, ನಾ ನಿಂತಂಗ ಏನು?"

ಕಡೆಯ ಕಲ್ಲು ಹಾಸುವ ದಿನ ಆಷಾಢದ ಗಾಳಿ ಹಳ್ಳದಗುಂಟ ಸಿಳ್ಳೆ ಹೊಡೆಯುತ್ತ ಬರುತ್ತಿತ್ತು. ಮೇಲಿನ ಓಣಿಯವರೆಲ್ಲ ಮೊದಲ ಸಲ ಗಿರಣಿ ದಾಟಿ ಬಂದು ಏರಿಯ ಮೇಲೆ ಸಾಲಾಗಿ ನಿಂತಿದ್ದರು, ನಿಂಬೆವ್ವನೂ ಇದ್ದಳು. ವೀರಭದ್ರ ಹಗ್ಗ ಹಿಡಿದು ಸಿದ್ಧನಾಗಿದ್ದ. ನಾನು ಅವಳ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡಿದ್ದೆ. ಹೋದರೆ ಇಬ್ಬರೂ ಹೋಗಲಿ, ಮೇಲೆ ರೊಟ್ಟಿ ಮಾಡಿಕೊಡಲು ಒಬ್ಬರಾದರೂ ಬೇಕಲ್ಲ. ಕಸ್ತೂರಿ ಹೊಸ ಕಲ್ಲುಗಳ ಮೇಲೆ ನಡೆದುಕೊಂಡು ಹೋಗಿ ಹುಲಿಗೆವ್ವನ ಕೈಗೆ ಹಲಗೆ ಕೊಟ್ಟಳು.

ಕೊಟ್ಟ ಕೂಡಲೇ ಕಾಲು ಎದ್ದವು. ಸೆರಗು ನನ್ನ ಮುಂಗೈಯಲ್ಲಿ ಬಿಗಿಯಾಯಿತು. ಹುಲಿಗೆವ್ವ ಅತ್ತ ನೋಡಲೇ ಇಲ್ಲ. ಹಲಗೆಯನ್ನು ತಿರುವಿ ಮುರುವಿ ನೋಡಿ, ಒಂದು ಕಡೆ ಚಕ್ಕೆ ಎದ್ದಿದೆ ಎಂದು ಗೊಣಗಿ, ಗೋಡೆಗೆ ಒರಗಿಸಿ ಒಳಗೆ ಹೋದಳು. ನನ್ನ ಹಿಮ್ಮಡಿಯೂ ನೆಲ ಬಿಟ್ಟಿತು. ವೀರಭದ್ರ ನನ್ನ ಸೊಂಟ ಹಿಡಿದುಕೊಂಡ. ಹುಲಿಗೆವ್ವ ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಕಂದೀಲು ಇತ್ತು, ಗಾಜಿಗೆ ಕಾಗದ ಅಂಟಿಸಿದ್ದು. ಕೈ ಎತ್ತಿ ಅದನ್ನು ಕಸ್ತೂರಿಯ ಬೆರಳಿಗೆ ಸಿಕ್ಕಿಸಿದಳು.

"ಹಲಗಿದು ಮುಗೀತು," ಎಂದಳು. "ಈ ಓಣ್ಯಾಗ ಒಂದ ದೀಪದ ಕಂಬ ಇಲ್ಲ. ನಮ್ಮನ್ಯಾಗ ಇರೂದ ಇದೊಂದ ಕಂದೀಲ. ಕಂಬ ನಿಂತ ದಿನ ಒಯ್ತೀನಿ. ನಾಳೆ ಬರ್ತೀನಿ, ಚಾಕ್ಕ ಸಕ್ರಿ ಕಡಿಮಿ ಹಾಕ ಅನ್ನು ನಿಮ್ಮತ್ತಿಗೆ."

ಅವಳ ಹಿಂದೆ ಆ ಓಣಿಯ ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಮನೆಯೊಳಗೆ ನುಗ್ಗಿ ಏನನ್ನೋ ತಡಕಾಡುವ ಸದ್ದು ಕೇಳಿತು. ಏರಿಯ ಮೇಲೆ ನಿಂಬೆವ್ವ, ನನ್ನ ಜರಡಿಯೂ ಅವಳ ಹತ್ತಿರವೇ ಇದೆ ಎಂದು ಪಕ್ಕದವಳಿಗೆ ಸಿಡುಕುತ್ತಿದ್ದಳು. ನನ್ನ ಮುಂಗೈಯಲ್ಲಿನ ಸೆರಗು ಸಡಿಲಾಯಿತು. ಕಸ್ತೂರಿ ಇಳಿದಳು, ಇಳಿದ ಕಡೆ ಕಲ್ಲುಗಳ ಅಂಚಿಗೆ ಆಗಷ್ಟೇ ದಪ್ಪಗೆ ಸುರಿದ ಸಿಮೆಂಟು ಇತ್ತು. ಎರಡೂ ಪಾದ ಕಣಕಾಲಿನವರೆಗೆ ಹೂತವು. ಮೇಸ್ತ್ರಿ ಕರಣಿ ಎತ್ತಿಕೊಂಡು ಓಡಿ ಬಂದ. ಹಸಿ ಇದೆ ಅಧ್ಯಕ್ಷರೇ, ನನ್ನ ಇಡೀ ದಿನದ ಕೆಲಸ ಹಾಳಾಯಿತು, ಮೊದಲು ಕಾಲು ತೆಗೆಯಿರಿ ಎಂದು ಊರೆದುರಿಗೇ ಅವಳನ್ನು ಬೈದ.

ಅವಳು ಕಂದೀಲು ಹಿಡಿದುಕೊಂಡು ಅಲ್ಲೇ ನಿಂತಳು, ಕಾಲು ತೆಗೆಯಲಿಲ್ಲ.